ವಯಸ್ಸು ಒಪ್ಪಿಕೊಂಡ ಅಬ್ಬರ: 2025ರ ಹೆವಿ ಮೆಟಲ್ ಕಾನ್ಸರ್ಟ್‌ಗಳು

ಹೆವಿ ಮೆಟಲ್ ಸಂಗೀತದ ಮಟ್ಟಿಗೆ 2025 ಹಿರಿಯರ ವರ್ಷ. ಬ್ಲ್ಯಾಕ್ ಸಬ್ಬತ್ ತಂಡದ ಮೊದಲ ಆಲ್ಬಂ ಬಂದು ಐವತ್ತೈದು ವರ್ಷ, ಐರನ್ ಮೇಡನ್ ಹುಟ್ಟಿ ಐವತ್ತು, ಜರ್ಮನಿಯ ಸ್ಕಾರ್ಪಿಯನ್ಸ್ ಶುರುವಾಗಿ ಅರವತ್ತು. ಹದಿಹರೆಯದ ಸಿಟ್ಟಿಗೆ ದನಿಯಾಗಿ ಹುಟ್ಟಿದ ಸಂಗೀತವನ್ನು ಈಗ ಅಜ್ಜಂದಿರು ನುಡಿಸುತ್ತಿದ್ದಾರೆ. ಮುಂದಿನ ಸಾಲಿನಲ್ಲಿ ನಿಂತು ತಲೆ ಕೊಡವುವವರಲ್ಲಿ ಅವರ ಮೊಮ್ಮಕ್ಕಳ ವಯಸ್ಸಿನವರೂ ಇದ್ದಾರೆ. ಹಾಗಾಗಿ ವರ್ಷದ ಒಳ್ಳೆಯ ಕಾನ್ಸರ್ಟ್‌ಗಳನ್ನು ಆರಿಸಲು ಕುಳಿತ ಅಭಿಮಾನಿಗೆ ಯಾರದು ಹೆಚ್ಚು ಜೋರು, ಯಾರದು ಹೆಚ್ಚು ವೇಗ ಎಂಬ ಹಳೆಯ ಅಳತೆಗೋಲು ಸಾಲದು. ದೇಹ ಮೊದಲಿನಂತಿಲ್ಲ ಎಂಬುದನ್ನು ಮುಚ್ಚಿಡದೆ, ಅದಕ್ಕೆ ತಕ್ಕಂತೆ ವೇದಿಕೆ, ಹಾಡುಗಳ ಪಟ್ಟಿ, ಪ್ರವಾಸದ ದಿನಗಳು ಎಲ್ಲವನ್ನೂ ಹೊಂದಿಸಿಕೊಂಡವರೇ ಆ ವರ್ಷ ಗೆದ್ದರು.

ಮೆಟಲ್ ಮೊದಲಿನಿಂದಲೂ ರೇಡಿಯೊದ ಕೃಪೆಯಿಂದ ಬೆಳೆದದ್ದಲ್ಲ. ಊರಿಂದೂರಿಗೆ ಬಸ್ಸಿನಲ್ಲಿ ಅಲೆದು, ಸಿಕ್ಕ ಸಭಾಂಗಣದಲ್ಲಿ ನುಡಿಸಿ, ಕೇಳುಗರನ್ನು ಒಬ್ಬೊಬ್ಬರನ್ನಾಗಿ ಗಳಿಸಿದ್ದು. ಆಲ್ಬಂ ಎಷ್ಟೇ ಚೆನ್ನಾಗಿರಲಿ, ವೇದಿಕೆಯ ಮೇಲೆ ಅದನ್ನು ನುಡಿಸಿ ತೋರಿಸಲಾಗದ ತಂಡಕ್ಕೆ ಇಲ್ಲಿ ಮರ್ಯಾದೆ ಕಡಿಮೆ. ಕೇಳುಗರೂ ಸುಮ್ಮನೆ ಕೈಕಟ್ಟಿ ನಿಲ್ಲುವವರಲ್ಲ. ಲಯಕ್ಕೆ ಸರಿಯಾಗಿ ತಲೆ ಕೊಡವುವುದು, ಗುಂಪಿನ ನಡುವೆ ವೃತ್ತ ಬಿಡಿಸಿಕೊಂಡು ಓಡುವುದು, ಗಿಟಾರಿನ ರಾಗವನ್ನೇ ಬಾಯಲ್ಲಿ ಹಾಡುವುದು, ತೋರುಬೆರಳು ಕಿರುಬೆರಳು ಎತ್ತಿ ಕೊಂಬಿನ ಮುದ್ರೆ ತೋರುವುದು ಇವೆಲ್ಲ ಕಾರ್ಯಕ್ರಮದ ಭಾಗವೇ. ಆ ಮುದ್ರೆಯನ್ನು ಜನಪ್ರಿಯಗೊಳಿಸಿದ್ದು 1979ರಲ್ಲಿ ಸಬ್ಬತ್ ಸೇರಿದ ಗಾಯಕ ರಾನಿ ಜೇಮ್ಸ್ ಡಿಯೊ. ಇಟಲಿ ಮೂಲದ ತನ್ನ ಅಜ್ಜಿ ಕೆಟ್ಟ ದೃಷ್ಟಿ ತಾಗದಿರಲೆಂದು ಹೀಗೆ ಬೆರಳು ಮಡಿಚುತ್ತಿದ್ದಳು ಎಂದು ಆತ ಹೇಳುತ್ತಿದ್ದ. ಸೈತಾನನ ಆರಾಧನೆ ಎಂದು ಪಾದ್ರಿಗಳನ್ನು ಕಂಗಾಲು ಮಾಡಿದ ಮುದ್ರೆ, ಮೂಲದಲ್ಲಿ ದೃಷ್ಟಿ ತೆಗೆಯುವ ಅಜ್ಜಿಯ ಕೈ!

2025ರ ಯಾವ ಪಟ್ಟಿಯೂ ಜುಲೈ 5ರಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ನಡೆದ ‘ಬ್ಯಾಕ್ ಟು ದಿ ಬಿಗಿನಿಂಗ್’ ಕಾರ್ಯಕ್ರಮವನ್ನು ಬಿಟ್ಟು ಶುರುವಾಗಲಾರದು. ಆ್ಯಸ್ಟನ್ ವಿಲ್ಲಾ ಫುಟ್‌ಬಾಲ್ ಕ್ಲಬ್ಬಿನ ಮೈದಾನವಾದ ವಿಲ್ಲಾ ಪಾರ್ಕ್‌ನಲ್ಲಿ ಮಧ್ಯಾಹ್ನದಿಂದ ರಾತ್ರಿ ಹತ್ತರವರೆಗೆ ನಡೆದ ಇದು ಬ್ಲ್ಯಾಕ್ ಸಬ್ಬತ್ ತಂಡಕ್ಕೂ ಅದರ ಗಾಯಕ ಓಝಿ ಆಸ್‌ಬರ್ನ್‌ಗೂ ಕೊನೆಯ ಪ್ರದರ್ಶನವೆಂದು ಮೊದಲೇ ಸಾರಲಾಗಿತ್ತು. ಸ್ಥಳದ ಆಯ್ಕೆಗೆ ಕಾರಣವಿದೆ. 1948ರ ಡಿಸೆಂಬರ್ 3ರಂದು ಹುಟ್ಟಿದ ಓಝಿ ಬೆಳೆದದ್ದು ಈ ಮೈದಾನದಿಂದ ನಡೆದು ಹೋಗುವಷ್ಟು ಹತ್ತಿರದ ಆ್ಯಸ್ಟನ್‌ನ ಬೀದಿಗಳಲ್ಲಿ. ಕಾರ್ಖಾನೆಗಳ ಹೊಗೆ, ಯುದ್ಧದಲ್ಲಿ ಬಾಂಬ್ ಬಿದ್ದ ಪಾಳು ಜಾಗಗಳು, ಕಿರಿದಾದ ಸಾಲುಮನೆಗಳು. ಸಬ್ಬತ್‌ನ ನಾಲ್ವರೂ ಬಂದದ್ದು ಇಂಥ ಕೂಲಿಕಾರರ ಬಡಾವಣೆಗಳಿಂದ.

ಮೆಟಲ್‌ಗೆ ಅದರ ಭಾರವಾದ ನಾದ ಬಂದದ್ದೂ ಇದೇ ಊರಿನ ಕಾರ್ಖಾನೆಯೊಂದರಿಂದ ಎಂದರೆ ಉತ್ಪ್ರೇಕ್ಷೆಯಲ್ಲ. ಗಿಟಾರ್ ವಾದಕ ಟೋನಿ ಐಯೋಮಿ ಹದಿನೇಳನೆಯ ವಯಸ್ಸಿನಲ್ಲಿ ತಗಡು ಕಾರ್ಖಾನೆಯ ಕೆಲಸ ಬಿಡುವ ಕೊನೆಯ ದಿನ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಕಳೆದುಕೊಂಡ. ಆತ ಎಡಗೈಯವನಾದ್ದರಿಂದ ತಂತಿ ಒತ್ತಬೇಕಾದದ್ದು ಅದೇ ಕೈಯಲ್ಲಿ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, ತೆಳುವಾದ ತಂತಿ ಹಾಕಿದ. ಮುಂದೆ 1971ರ ಮೂರನೆಯ ಆಲ್ಬಂನ ಹಲವು ಹಾಡುಗಳಿಗೆ ಗಿಟಾರಿನ ಶ್ರುತಿಯನ್ನೇ ಮೂರು ಅರೆಸ್ವರ ಇಳಿಸಿದ. ತಂತಿ ಸಡಿಲವಾದಂತೆ ಬೆರಳಿಗೆ ನೋವು ಕಡಿಮೆ, ನಾದಕ್ಕೆ ತೂಕ ಹೆಚ್ಚು. ತಂಡದ ಹೆಸರನ್ನೇ ಹೊತ್ತ ಅವರ ಮೊದಲ ಆಲ್ಬಂನ ಮೊದಲ ಹಾಡಿನ ಜೀವವಿರುವುದು, ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಷಡ್ಜಕ್ಕೂ ಪ್ರತಿಮಧ್ಯಮಕ್ಕೂ ನಡುವಿನ ಅಂತರದಲ್ಲಿ. ಕಲ್ಯಾಣಿ ಕೇಳಿ ಬೆಳೆದ ಕಿವಿಗೆ ಆ ಸ್ವರದಲ್ಲಿ ಹೆದರುವಂಥದ್ದೇನೂ ಕಾಣದು. ಆದರೆ ಯುರೋಪಿನ ಸಂಗೀತದಲ್ಲಿ ಅದು ಶತಮಾನಗಳ ಕಾಲ ಅಪಶಕುನದ ಜೋಡಿ. ಆ ಅಂಜಿಕೆಯನ್ನೇ ಸಬ್ಬತ್ ಬಂಡವಾಳ ಮಾಡಿಕೊಂಡಿತು.

ವಿಲ್ಲಾ ಪಾರ್ಕ್‌ನ ಕಾರ್ಯಕ್ರಮವನ್ನು ರೂಪಿಸಿದ ಸಂಗೀತ ನಿರ್ದೇಶಕ ‘ರೇಜ್ ಅಗೇನ್ಸ್ಟ್ ದಿ ಮಷೀನ್’ ತಂಡದ ಗಿಟಾರ್ ವಾದಕ ಟಾಮ್ ಮೊರೆಲ್ಲೊ. ಮಾಸ್ಟಡಾನ್, ರೈವಲ್ ಸನ್ಸ್, ಆಂಥ್ರಾಕ್ಸ್, ಹೇಲ್‌ಸ್ಟಾರ್ಮ್, ಲ್ಯಾಂಬ್ ಆಫ್ ಗಾಡ್, ಆಲಿಸ್ ಇನ್ ಚೈನ್ಸ್, ಗೋಜಿರಾ, ಪ್ಯಾಂಟೆರಾ, ಟೂಲ್, ಸ್ಲೇಯರ್, ಗನ್ಸ್ ಎನ್ ರೋಸಸ್, ಮೆಟಾಲಿಕಾ: ಇವರಲ್ಲಿ ಕೆಲವರು ಬೇರೆ ದಿನವಾದರೆ ತಾವೇ ಕ್ರೀಡಾಂಗಣ ತುಂಬಿಸಬಲ್ಲವರು. ಆ ದಿನ ಒಬ್ಬೊಬ್ಬರಿಗೂ ಸಿಕ್ಕಿದ್ದು ಎರಡು, ಮೂರು, ಹೆಚ್ಚೆಂದರೆ ಆರು ಹಾಡುಗಳಷ್ಟು ಹೊತ್ತು. ಕರಾವಳಿಯಲ್ಲಿ ಹಲವು ಮೇಳಗಳು ಒಂದೇ ರಂಗಸ್ಥಳಕ್ಕೆ ಬಂದು ಆಡುವ ಯಕ್ಷಗಾನದ ಕೂಡಾಟವನ್ನು ಕಂಡವರಿಗೆ ಇದರ ಹದ ಸುಲಭವಾಗಿ ಅರ್ಥವಾದೀತು. ವೇದಿಕೆ ತಿರುಗುವಂಥದ್ದು. ಮುಂಭಾಗದಲ್ಲಿ ಒಂದು ತಂಡ ನುಡಿಸುತ್ತಿರುವಾಗ ಹಿಂಭಾಗದಲ್ಲಿ ಮುಂದಿನ ತಂಡದ ಡ್ರಮ್ಸು, ಆಂಪ್ಲಿಫೈಯರುಗಳು ಜೋಡಣೆಯಾಗುತ್ತಿದ್ದವು. ಉತ್ಸವಗಳಲ್ಲಿ ತಂಡ ಬದಲಾಗುವಾಗ ಅರ್ಧ ಗಂಟೆ ಕಾದು ಬೇಸರವಾಗುವ ಗೋಳು ಇಲ್ಲಿ ಬಹುಮಟ್ಟಿಗೆ ತಪ್ಪಿತು.

ಪ್ರತಿ ತಂಡವೂ ತನ್ನ ಹಾಡುಗಳ ಜತೆಗೆ ಸಬ್ಬತ್ ಅಥವಾ ಓಝಿಯ ಒಂದಾದರೂ ಹಾಡನ್ನು ನುಡಿಸಬೇಕೆಂಬುದು ಅಂದಿನ ಪದ್ಧತಿ. ಅಭಿಮಾನಿಯ ಪಾಲಿಗೆ ಇಡೀ ಹಗಲಿನ ಕುತೂಹಲ ಇದ್ದದ್ದು ಇಲ್ಲೇ. ಎಲ್ಲರಿಗೂ ಗೊತ್ತಿರುವ ಹಾಡನ್ನು ಎತ್ತಿಕೊಂಡವರಿಗಿಂತ ಮೂಲೆಯಲ್ಲಿ ಬಿದ್ದಿದ್ದನ್ನು ಹೆಕ್ಕಿದವರೇ ಮೇಲೆನಿಸಿದರು. ಮೆಟಾಲಿಕಾ ‘ಹೋಲ್ ಇನ್ ದಿ ಸ್ಕೈ’ ಜತೆಗೆ, ಸಬ್ಬತ್ ಅಭಿಮಾನಿಗಳೇ ಅಷ್ಟಾಗಿ ನೆನೆಯದ 1978ರ ಆಲ್ಬಂನಿಂದ ‘ಜಾನಿ ಬ್ಲೇಡ್’ ತೆಗೆದು ನುಡಿಸಿತು. ಟೂಲ್ ಆರಿಸಿದ್ದು ‘ಹ್ಯಾಂಡ್ ಆಫ್ ಡೂಮ್’. ಮೆಲ್ಲಗೆ ಶುರುವಾಗಿ ಇದ್ದಕ್ಕಿದ್ದಂತೆ ಸಿಡಿಯುವ ಆ ಹಾಡು ಟೂಲ್‌ನದೇ ಎನ್ನುವಷ್ಟು ಅವರ ಮೈಗೆ ಒಪ್ಪಿತು. ಪ್ಯಾಂಟೆರಾ ತನ್ನ ಒರಟುತನ ಬದಿಗಿಟ್ಟು ‘ಪ್ಲಾನೆಟ್ ಕ್ಯಾರವಾನ್’ ಎಂಬ ತಣ್ಣನೆಯ ಹಾಡು ನುಡಿಸಿತು. ಫ್ರಾನ್ಸಿನ ಗೋಜಿರಾ ಒಪೇರಾ ಗಾಯಕಿ ಮರೀನಾ ವಿಯೊಟ್ಟಿಯನ್ನು ಕರೆತಂದು, 2024ರ ಪ್ಯಾರಿಸ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಜಗತ್ತು ನೋಡಿದ್ದ ಕ್ರಾಂತಿಗೀತೆಯನ್ನು ಮತ್ತೆ ಕೇಳಿಸಿತು. ‘ಚೇಂಜಸ್’ ಹಾಡಿದ ಇಂಗ್ಲೆಂಡಿನ ಯುವಗಾಯಕ ಯಂಗ್‌ಬ್ಲಡ್ ಮೆಟಲ್‌ನವನೇ ಅಲ್ಲ. ಬೆಳಿಗ್ಗೆ ಅವನ ಹೆಸರಿಗೆ ಮೂಗು ಮುರಿದವರೂ ರಾತ್ರಿಯ ಹೊತ್ತಿಗೆ ಅವನನ್ನು ಮೆಚ್ಚಿ ಮಾತಾಡುತ್ತಿದ್ದರು. ಅಂದಿನ ಹಾಡುಗಾರಿಕೆಯಲ್ಲಿ ಅದಕ್ಕೆ ಮೊದಲ ಸ್ಥಾನ ಕೊಟ್ಟರೂ ತಪ್ಪಿಲ್ಲ.

ಸಂಜೆ ಓಝಿ ಮೇಲೆ ಬಂದದ್ದು ನಡೆದುಕೊಂಡಲ್ಲ. ವೇದಿಕೆಯ ನೆಲದಡಿಯಿಂದ ಎದ್ದು ಬಂದ ಕಪ್ಪು ಸಿಂಹಾಸನದಲ್ಲಿ ಕುಳಿತು. ಪಾರ್ಕಿನ್ಸನ್ ಕಾಯಿಲೆ ಇರುವುದನ್ನು ಆತ 2020ರಲ್ಲಿ ಬಹಿರಂಗಪಡಿಸಿದ್ದ. 2019ರಲ್ಲಿ ಮನೆಯಲ್ಲಿ ಬಿದ್ದು ಹಳೆಯ ಅಪಘಾತದ ಗಾಯಗಳು ಮರುಕಳಿಸಿ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಗಳಾಗಿದ್ದವು. 2023ರಲ್ಲಿ ಇನ್ನು ಪ್ರವಾಸ ಸಾಧ್ಯವಿಲ್ಲವೆಂದು ಹೇಳಿಬಿಟ್ಟಿದ್ದ. ನಿಲ್ಲಲಾಗದ ಗಾಯಕನನ್ನು ನಿಲ್ಲಿಸುವ ಹಟಕ್ಕೆ ಬೀಳದೆ ಕುರ್ಚಿಯನ್ನೇ ವೇಷದ ಭಾಗ ಮಾಡಿದ್ದು ಆ ರಾತ್ರಿಯ ಜಾಣತನ. ಮೊದಲು ತನ್ನ ಸ್ವಂತ ತಂಡದೊಂದಿಗೆ ಐದು ಹಾಡು ಹಾಡಿದ. ‘ಮಾಮಾ, ಐಯಾಮ್ ಕಮಿಂಗ್ ಹೋಮ್’ ಹಾಡುವಾಗ ದನಿ ಒಡೆಯಿತು, ಶ್ರುತಿ ಅಲ್ಲಲ್ಲಿ ಜಾರಿತು. ಕ್ರೀಡಾಂಗಣದಲ್ಲಿದ್ದ ನಲವತ್ತು ಸಾವಿರಕ್ಕೂ ಹೆಚ್ಚು ಮಂದಿ ಅದನ್ನು ಕಂಡೂ ಕಾಣದಂತೆ ತಾವೇ ಹಾಡಿ ತುಂಬಿದರು. ಸಂಗೀತ ವಿಮರ್ಶಕನ ಕಿವಿಯಿಂದ ಕೇಳಿದರೆ ಅದು ದುರ್ಬಲ ಗಾಯನವೇ. ಆದರೆ ಹಾಡನ್ನು ಕೇಳುಗರು ಹೊತ್ತುಕೊಳ್ಳುವ ಇಂಥ ಗಳಿಗೆಗಾಗಿಯೇ ಜನ ಕಾನ್ಸರ್ಟ್‌ಗೆ ಹೋಗುವುದು.

ಆಮೇಲೆ ಬ್ಲ್ಯಾಕ್ ಸಬ್ಬತ್. ಓಝಿ, ಐಯೋಮಿ, ಬಾಸ್ ನುಡಿಸುವ ಗೀಝರ್ ಬಟ್ಲರ್, ಡ್ರಮ್ಸ್‌ನ ಬಿಲ್ ವಾರ್ಡ್ ನಾಲ್ವರೂ ಒಟ್ಟಿಗೆ ನುಡಿಸಿ ಇಪ್ಪತ್ತು ವರ್ಷವಾಗಿತ್ತು. 2017ರ ಫೆಬ್ರುವರಿ 4ರಂದು ಇದೇ ಬರ್ಮಿಂಗ್‌ಹ್ಯಾಮ್‌ನಲ್ಲಿ ತಂಡ ಒಮ್ಮೆ ವಿದಾಯ ಹೇಳಿತ್ತು. ಆಗ ಒಪ್ಪಂದದ ತಕರಾರಿನಿಂದ ವಾರ್ಡ್ ದೂರ ಉಳಿದಿದ್ದ, ಅಭಿಮಾನಿಗಳಿಗೆ ಆ ವಿದಾಯ ಅರ್ಧವೆನಿಸಿತ್ತು. ಈ ಸಲ ಎಪ್ಪತ್ತೇಳರ ವಾರ್ಡ್ ಹಿಂದೆ ಕುಳಿತಿದ್ದ. ‘ವಾರ್ ಪಿಗ್ಸ್’, ‘ಎನ್.ಐ.ಬಿ.’, ‘ಐರನ್ ಮ್ಯಾನ್’, ‘ಪ್ಯಾರನಾಯ್ಡ್’ ಎಂಬ ನಾಲ್ಕೇ ಹಾಡು. ನಾಲ್ಕೂ 1970ರ ಒಂದೇ ವರ್ಷದಲ್ಲಿ ಬಂದ ಎರಡು ಆಲ್ಬಂಗಳವು. ಇನ್ನೂ ನಾಲ್ಕು ಹಾಡು ಇರಬೇಕಿತ್ತು ಎಂದವರು ಬಹಳ. ಆದರೆ ವಾರ್ಡ್‌ನ ಕೈ, ಓಝಿಯ ಉಸಿರು ಎಷ್ಟು ತಾಳೀತೆಂದು ತಂಡಕ್ಕೆ ಗೊತ್ತಿತ್ತು. ಐದನೆಯ ಹಾಡಿಗೆ ಕೈಹಾಕಿ ತಡವರಿಸುವ ಬದಲು ನಾಲ್ಕರಲ್ಲಿ ನಿಲ್ಲಿಸಿದ್ದೇ ಸರಿ.

ಕಾರ್ಯಕ್ರಮದ ಗಳಿಕೆ ಪಾರ್ಕಿನ್ಸನ್ ಸಂಶೋಧನೆಗೆ ನೆರವಾಗುವ ‘ಕ್ಯೂರ್ ಪಾರ್ಕಿನ್ಸನ್ಸ್’, ಬರ್ಮಿಂಗ್‌ಹ್ಯಾಮ್ ಮಕ್ಕಳ ಆಸ್ಪತ್ರೆ, ಏಕಾರ್ನ್ಸ್ ಮಕ್ಕಳ ಆರೈಕೆ ಕೇಂದ್ರ ಈ ಮೂರಕ್ಕೆ ಮೀಸಲಾಗಿತ್ತು. ಮರುದಿನದಿಂದಲೇ ಕಣ್ಣು ಕುಕ್ಕುವ ಮೊತ್ತಗಳು ಸುದ್ದಿಯಾದವು. ಅವು ನಿಜವಲ್ಲ, ವಾಸ್ತವದ ಮೊತ್ತ ಅದರ ಸಣ್ಣ ಪಾಲು ಮಾತ್ರ ಎಂದು ಆಮೇಲೆ ಓಝಿಯ ಪತ್ನಿ ಶರಾನ್ ಆಸ್‌ಬರ್ನ್ ಸ್ಪಷ್ಟಪಡಿಸಬೇಕಾಯಿತು. ಕಾನ್ಸರ್ಟ್ ನಡೆದ ಹದಿನೇಳನೆಯ ದಿನ, ಜುಲೈ 22ರಂದು ಓಝಿ ತೀರಿಕೊಂಡ. ಆಗ ಅವನಿಗೆ 76. ಜುಲೈ 30ರಂದು ಶವಯಾತ್ರೆ ಊರಿನ ಬ್ರಾಡ್ ಸ್ಟ್ರೀಟ್‌ನಲ್ಲಿ ಸಾಗಿ, ತಂಡದ ಹೆಸರನ್ನೇ ಇಟ್ಟಿರುವ ಸೇತುವೆಯ ಬಳಿ ನಿಂತಿತು. ಸಾವು ಬಂದು ಆ ಕಾನ್ಸರ್ಟನ್ನು ದೊಡ್ಡದು ಮಾಡಿತು ಎಂಬ ಮಾತು ಅರ್ಧ ನಿಜ. ಸಾವಿಗೆ ಮೊದಲೇ ಅದು ದೊಡ್ಡದಾಗಿತ್ತು, ಏಕೆಂದರೆ ಮೆಟಲ್‌ನ ಮೂರು ತಲೆಮಾರುಗಳು ತಮ್ಮ ಸಾಲವನ್ನು ಸಾಲಿಗನ ಎದುರೇ ಒಪ್ಪಿಕೊಂಡಿದ್ದವು.

ಅಂದು ಬರಬೇಕಿದ್ದು ಬಾರದ ಒಂದು ದೊಡ್ಡ ಹೆಸರು ಜೂಡಾಸ್ ಪ್ರೀಸ್ಟ್. ಬರ್ಮಿಂಗ್‌ಹ್ಯಾಮ್ ಸೀಮೆಯದೇ ತಂಡ, ಮೆಟಲ್‌ಗೆ ಚರ್ಮದ ಉಡುಪು ಮತ್ತು ಜೋಡಿ ಗಿಟಾರಿನ ಶಿಸ್ತು ಕೊಟ್ಟದ್ದು. ಆದರೆ ಅದೇ ಜುಲೈ 5ಕ್ಕೆ ಸ್ಕಾರ್ಪಿಯನ್ಸ್ ತನ್ನ ತವರು ಹ್ಯಾನೋವರ್‌ನಲ್ಲಿ ಅರವತ್ತರ ಸಂಭ್ರಮ ಇಟ್ಟುಕೊಂಡಿತ್ತು. ಪ್ರೀಸ್ಟ್ ಮೊದಲೇ ಅಲ್ಲಿಗೆ ಮಾತು ಕೊಟ್ಟಾಗಿತ್ತು. ಮಾತು ತಪ್ಪದಿದ್ದುದಕ್ಕೆ ಯಾರೂ ಬಯ್ಯಲಿಲ್ಲ. ಪ್ರೀಸ್ಟ್‌ನ ಹಳೆಯ ಗಿಟಾರ್ ವಾದಕ ಕೆ.ಕೆ. ಡೌನಿಂಗ್ ವಿಲ್ಲಾ ಪಾರ್ಕ್‌ಗೆ ಬಂದು ‘ಬ್ರೇಕಿಂಗ್ ದಿ ಲಾ’ ನುಡಿಸಿ ಆ ಕೊರತೆಯನ್ನು ತಕ್ಕಮಟ್ಟಿಗೆ ತುಂಬಿದ.

ವಿಲ್ಲಾ ಪಾರ್ಕ್‌ನದು ಸಂದರ್ಭದ ದೊಡ್ಡಸ್ತಿಕೆಯಾದರೆ, ಸಂಗೀತದ ಗುಣವನ್ನಷ್ಟೇ ನೋಡಿದಾಗ ವರ್ಷದ ಅತ್ಯುತ್ತಮವೆನ್ನಬೇಕಾದದ್ದು ಜೂನ್ 28ರಂದು ಲಂಡನ್ ಸ್ಟೇಡಿಯಂನಲ್ಲಿ ಐರನ್ ಮೇಡನ್ ನೀಡಿದ ಕಾನ್ಸರ್ಟ್. ತಂಡವನ್ನು ಬಾಸ್ ವಾದಕ ಸ್ಟೀವ್ ಹ್ಯಾರಿಸ್ ಕಟ್ಟಿದ್ದು 1975ರ ಕ್ರಿಸ್‌ಮಸ್ ದಿನ, ಪೂರ್ವ ಲಂಡನ್ನಿನಲ್ಲಿ. ಲಂಡನ್ ಸ್ಟೇಡಿಯಂ ಇರುವುದೂ ಪೂರ್ವ ಲಂಡನ್ನಿನಲ್ಲೇ. ಅದು ಹ್ಯಾರಿಸ್ ಜೀವ ಬಿಡುವ ವೆಸ್ಟ್‌ಹ್ಯಾಮ್ ಫುಟ್‌ಬಾಲ್ ತಂಡದ ಮನೆ. ಐವತ್ತರ ನೆನಪಿಗೆ ‘ರನ್ ಫಾರ್ ಯುವರ್ ಲೈವ್ಸ್’ ಎಂಬ ಪ್ರವಾಸ ಮೇ 27ರಂದು ಬುಡಾಪೆಸ್ಟ್‌ನಲ್ಲಿ ಶುರುವಾಗಿತ್ತು. 1980ರಿಂದ 1992ರವರೆಗಿನ ಮೊದಲ ಒಂಬತ್ತು ಆಲ್ಬಂಗಳ ಹಾಡುಗಳನ್ನಷ್ಟೇ ನುಡಿಸುವುದು ಅದರ ಕಟ್ಟುಪಾಡು. (ಒಂಬತ್ತು ಎಂದರೂ 1990ರ ‘ನೋ ಪ್ರೇಯರ್ ಫಾರ್ ದಿ ಡೈಯಿಂಗ್’ನ ಒಂದು ಹಾಡೂ ಇರಲಿಲ್ಲ. ಆ ಆಲ್ಬಂ ಬಗ್ಗೆ ತಂಡದ ಅಭಿಪ್ರಾಯವೂ ಅಭಿಮಾನಿಗಳದೇ ಇರಬೇಕು.)

ಹೊಸ ಹಾಡು ಇಲ್ಲದಿರುವುದು ಹಳೆಯ ವೈಭವ ಮಾರಿಕೊಂಡು ಬದುಕುವ ಉಪಾಯವಲ್ಲವೇ ಎಂದು ಕೇಳಬಹುದು. ಪಟ್ಟಿಯ ಜೋಡಣೆ ನೋಡಿದರೆ ಹಾಗನ್ನಿಸದು. ಮೊದಲ ನಾಲ್ಕು ಹಾಡು ‘ಮರ್ಡರ್ಸ್ ಇನ್ ದಿ ರೂ ಮಾರ್ಗ್’, ‘ರ‍್ಯಾಥ್‌ಚೈಲ್ಡ್’, ‘ಕಿಲ್ಲರ್ಸ್’, ‘ಫ್ಯಾಂಟಮ್ ಆಫ್ ದಿ ಆಪೆರಾ’. ನಾಲ್ಕೂ ಮೊದಲ ಎರಡು ಆಲ್ಬಂಗಳ ಗಾಯಕ ಪಾಲ್ ಡಿಯಾನೋ ಕಾಲದವು. ಆತ ತೀರಿಕೊಂಡದ್ದು 2024ರ ಅಕ್ಟೋಬರ್‌ನಲ್ಲಿ. ಭಾಷಣವಿಲ್ಲದೆ, ಚಿತ್ರಪಟಕ್ಕೆ ಹಾರವಿಲ್ಲದೆ, ಅವನ ಹಾಡುಗಳಿಂದಲೇ ಕಾರ್ಯಕ್ರಮ ಶುರು ಮಾಡುವುದು ಮೇಡನ್ ರೀತಿಯ ಶ್ರದ್ಧಾಂಜಲಿ. ನಡುವೆ ಹದಿಮೂರು ನಿಮಿಷದ ‘ರೈಮ್ ಆಫ್ ದಿ ಏನ್ಷಿಯಂಟ್ ಮ್ಯಾರಿನರ್’. ಇಂಗ್ಲಿಷ್ ಕವಿ ಕೋಲ್‌ರಿಜ್‌ನ ಕಾವ್ಯವನ್ನು ಆಧರಿಸಿದ ಈ ಹಾಡು ಹಡಗಿನ ಹಲಗೆ ಕಿರುಗುಟ್ಟುವ ನಿಶ್ಶಬ್ದಕ್ಕೆ ಇಳಿದು ಮತ್ತೆ ಏರಬೇಕು. ಅರವತ್ತಾರರ ಬ್ರೂಸ್ ಡಿಕಿನ್ಸನ್ ದನಿ ಆ ಏರನ್ನು ಹತ್ತಿತು. ಹತ್ತು ವರ್ಷದ ಹಿಂದೆ ನಾಲಿಗೆಯ ಬುಡದಲ್ಲಿ ಕ್ಯಾನ್ಸರ್ ಬಂದು ಚಿಕಿತ್ಸೆ ಪಡೆದ ಗಾಯಕ ಎಂಬುದನ್ನು ನೆನೆದರೆ ಅದು ಸಣ್ಣ ಸಂಗತಿಯಲ್ಲ.

ಪ್ರವಾಸದ ನಿಜವಾದ ಪರೀಕ್ಷೆ ಇದ್ದದ್ದು ಡ್ರಮ್ಸ್‌ನ ಹಿಂದೆ. 1982ರಿಂದ ಅಲ್ಲಿ ಕುಳಿತಿದ್ದ ನಿಕೊ ಮೆಕ್‌ಬ್ರೇನ್‌ಗೆ 2023ರ ಜನವರಿಯಲ್ಲಿ ಪಾರ್ಶ್ವವಾಯು ಬಡಿಯಿತು. ಚೇತರಿಸಿಕೊಂಡು ಬಂದ, ಆದರೆ ಕೆಲವು ಹಾಡುಗಳ ವೇಗದ ಉರುಳಿಕೆಗಳನ್ನು ಬಿಟ್ಟು ನುಡಿಸಬೇಕಾಯಿತು. 2024ರ ಡಿಸೆಂಬರ್ 7ರಂದು ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ಪ್ರವಾಸಗಳಿಗೆ ಕೈಮುಗಿದ. ಬದಲಿಗೆ ಬಂದವನು ಹ್ಯಾರಿಸ್‌ನ ಇನ್ನೊಂದು ತಂಡ ಬ್ರಿಟಿಷ್ ಲಯನ್‌ನಲ್ಲಿ ನುಡಿಸುತ್ತಿದ್ದ ಸೈಮನ್ ಡಾಸನ್. ದೊಡ್ಡ ಹೆಸರಿನ ಡ್ರಮ್ಮರ್ ಬರುತ್ತಾನೆಂದು ಕಾದವರಿಗೆ ಮೊದಲು ನಿರಾಸೆಯಾಯಿತು. ಡಾಸನ್ ನಿಕೊನನ್ನು ಅನುಕರಿಸಲಿಲ್ಲ. ನೇರ, ಬಿಗಿ, ಅಲಂಕಾರ ಕಡಿಮೆ. ಹಳೆಯ ಹಾಡುಗಳಿಗೆ ಅದರಿಂದ ಹೊಸ ಚುರುಕು ಬಂತು. ನಿಕೊನ ತುಂಟ ಹೊರಳುಗಳ ನೆನಪು ಮಾತ್ರ ಅಲ್ಲಲ್ಲಿ ಕಾಡದೆ ಇರದು.

ಮೇಡನ್ ಇನ್ನೊಂದು ಕೋರಿಕೆ ಮುಂದಿಟ್ಟಿತ್ತು: ಫೋನ್ ಜೇಬಿನಲ್ಲಿರಲಿ, ಕಾನ್ಸರ್ಟನ್ನು ಕಣ್ಣಿನಿಂದ ನೋಡಿ. ಬಟ್ಟೆಯ ಮೇಲೆ ಬರೆದ ಪರದೆಗಳ ಜಾಗಕ್ಕೆ ಈ ಸಲ ದೊಡ್ಡ ಎಲ್‌ಇಡಿ ಪರದೆ ಬಂದಿತ್ತು. ಹಾಡಿನಿಂದ ಹಾಡಿಗೆ ಬದಲಾಗುವ ಆ ದೃಶ್ಯಗಳನ್ನು ಬೆರಳಗಲದ ಪರದೆಯಲ್ಲಿ ಹಿಡಿದು ನೋಡುವುದು ವ್ಯರ್ಥ ಎಂಬುದು ತಂಡದ ವಾದ. ಕೋರಿಕೆಯನ್ನು ಎಲ್ಲರೂ ಪಾಲಿಸಲಿಲ್ಲ, ಪಾಲಿಸುತ್ತಾರೆಂದು ಯಾರೂ ನಂಬಿರಲೂ ಇಲ್ಲ. ಆದರೂ ಕೈಗಳ ಕಾಡು ಎಂದಿಗಿಂತ ತೆಳುವಾಗಿತ್ತು.

ಮೆಟಾಲಿಕಾ ವಯಸ್ಸಿಗೆ ಕೊಟ್ಟ ಉತ್ತರ ಬೇರೆ ಬಗೆಯದು. 2023ರ ಏಪ್ರಿಲ್‌ನಲ್ಲಿ ಆ್ಯಮ್‌ಸ್ಟರ್‌ಡ್ಯಾಮ್‌ನಲ್ಲಿ ಆರಂಭವಾದ ‘ಎಂ72’ ಪ್ರವಾಸದಲ್ಲಿ ವೇದಿಕೆ ಮೈದಾನದ ನಡುವೆ ಬಳೆಯಾಕಾರದಲ್ಲಿರುತ್ತದೆ. ಬಳೆಯ ಒಳಗೂ ಹೊರಗೂ ಜನ. ಡ್ರಮ್ಸ್ ನಾಲ್ಕು ಕಡೆ. ಲಾರ್ಸ್ ಉಲ್ರಿಕ್ ಕೆಲವು ಹಾಡಿಗೊಮ್ಮೆ ಒಂದರಿಂದ ಇನ್ನೊಂದಕ್ಕೆ ಹೋಗಿ ಕೂರುತ್ತಾನೆ. ಹೀಗಾಗಿ ಮೈದಾನದ ಯಾವ ಮೂಲೆಯವರೂ ಪೂರ್ತಿ ಬೆನ್ನು ನೋಡಿಕೊಂಡು ಮನೆಗೆ ಹೋಗಬೇಕಿಲ್ಲ. ಹಲವು ಊರುಗಳಲ್ಲಿ ಒಂದು ದಿನ ಬಿಟ್ಟು ಎರಡು ರಾತ್ರಿ ನುಡಿಸುತ್ತಾರೆ, ಒಂದು ರಾತ್ರಿಯ ಹಾಡು ಇನ್ನೊಂದು ರಾತ್ರಿ ಬರುವುದಿಲ್ಲ. ಅಭಿಮಾನಿಗೆ ಎರಡು ಬೇರೆ ಕಾನ್ಸರ್ಟ್. ಅರವತ್ತು ದಾಟಿದ ವಾದಕರ ಮೊಣಕೈ, ಗಂಟಲುಗಳಿಗೆ ನಡುವೆ ಒಂದು ದಿನದ ವಿರಾಮ. ಈ ಏರ್ಪಾಟಿನಲ್ಲಿ ವ್ಯಾಪಾರವೂ ಇದೆ, ಎರಡು ಟಿಕೆಟ್ ಮಾರಿದಂತಾಯಿತಲ್ಲ! ಹಾಗಿದ್ದೂ ಇದು ಒಳ್ಳೆಯ ಏರ್ಪಾಟೇ.

ಈ ಪ್ರವಾಸದ ಮರೆಯಲಾಗದ ರಾತ್ರಿ ಮೇ 7ರದು. ಊರು ಅಮೆರಿಕದ ವರ್ಜೀನಿಯಾ ರಾಜ್ಯದ ಬ್ಲ್ಯಾಕ್ಸ್‌ಬರ್ಗ್, ಜಾಗ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ಲೇನ್ ಸ್ಟೇಡಿಯಂ. ಆ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ 2000ದಿಂದಲೂ ಮೈದಾನಕ್ಕಿಳಿಯುವುದು ಮೆಟಾಲಿಕಾದ ‘ಎಂಟರ್ ಸ್ಯಾಂಡ್‌ಮನ್’ ಹಾಡು ಮೊಳಗುವಾಗ. ಹಾಡು ಶುರುವಾದೊಡನೆ ಇಡೀ ಕ್ರೀಡಾಂಗಣ ಒಟ್ಟಾಗಿ ಕುಪ್ಪಳಿಸುವುದು ಅಲ್ಲಿ ವ್ರತದಂತೆ ನಡೆದುಬಂದಿದೆ. ಇಪ್ಪತ್ತೈದು ವರ್ಷ ಧ್ವನಿಮುದ್ರಿಕೆಗೆ ಕುಣಿದವರ ಮುಂದೆ ಹಾಡಿನ ಒಡೆಯರೇ ಬಂದು ನಿಂತರು. ಕೊನೆಯ ಹಾಡಾಗಿ ಅದನ್ನು ನುಡಿಸಿದಾಗ ಅರವತ್ತು ಸಾವಿರಕ್ಕೂ ಹೆಚ್ಚು ಜನ ಒಂದೇ ಲಯಕ್ಕೆ ನೆಗೆದರು. ವಿಶ್ವವಿದ್ಯಾಲಯದ ಭೂಕಂಪ ವೀಕ್ಷಣಾಲಯದ ಉಪಕರಣ ಆ ಕಂಪನವನ್ನು ದಾಖಲಿಸಿತು. ಜನ ಬೇರೆ ಬೇರೆ ಹೊತ್ತಿಗೆ ನೆಗೆದರೆ ಕಂಪನಗಳು ಒಂದನ್ನೊಂದು ಅಳಿಸಿಹಾಕುತ್ತವೆ, ಒಂದೇ ತಾಳಕ್ಕೆ ನೆಗೆದರೆ ಕೂಡಿ ನೆಲಕ್ಕಿಳಿಯುತ್ತವೆ. ಆ ಹಾಡಿನ ಮಧ್ಯಮ ವೇಗದ, ದಿಟ್ಟ ನಡೆ ಕುಪ್ಪಳಿಸಲಿಕ್ಕೆಂದೇ ಹೇಳಿ ಮಾಡಿಸಿದಂತಿದೆ. ಮೆಟಾಲಿಕಾದ ಹಳೆಯ ಮಿಂಚಿನ ವೇಗದ ಹಾಡುಗಳಿಂದ ಇದು ಆಗುತ್ತಿರಲಿಲ್ಲ.

ಸ್ಲೇಯರ್ ಕಥೆ ಸ್ವಲ್ಪ ಇರುಸುಮುರುಸಿನದು. 2019ರ ನವೆಂಬರ್‌ನಲ್ಲಿ ಲಾಸ್ ಏಂಜಲಿಸ್‌ನಲ್ಲಿ ಕಣ್ಣೀರಿಟ್ಟು ವಿದಾಯ ಹೇಳಿದ ತಂಡ ಐದೇ ವರ್ಷದಲ್ಲಿ ಮರಳಿತು. ವಿದಾಯದ ಟಿಕೆಟ್ ಕೊಂಡವರು ಗೊಣಗಿದ್ದರಲ್ಲಿ ನ್ಯಾಯವಿತ್ತು. ಆದರೆ ಮರಳಿದ ರೀತಿ ಬೇರೆ. ತಿಂಗಳುಗಟ್ಟಲೆ ಪ್ರವಾಸವಿಲ್ಲ, ಹೊಸ ಆಲ್ಬಂ ಇಲ್ಲ, ವರ್ಷಕ್ಕೆ ಬೆರಳೆಣಿಕೆಯ ಕಾನ್ಸರ್ಟ್. 2025ರ ಜುಲೈ 3ರಂದು ಕಾರ್ಡಿಫ್, 5ರಂದು ವಿಲ್ಲಾ ಪಾರ್ಕ್, 6ರಂದು ಲಂಡನ್ನಿನ ಫಿನ್ಸ್‌ಬರಿ ಪಾರ್ಕ್. ಮೂರರಲ್ಲಿ ಫಿನ್ಸ್‌ಬರಿ ಪಾರ್ಕ್‌ನದು ಮೇಲು. ವಿಲ್ಲಾ ಪಾರ್ಕ್‌ನಲ್ಲಿ ಗಡಿಯಾರ ನೋಡಿಕೊಂಡು ನುಡಿಸಿದ್ದನ್ನು ಇಲ್ಲಿ ಪೂರ್ಣಾವಧಿಯ ಕಾರ್ಯಕ್ರಮವಾಗಿ ಕೊಟ್ಟರು. ಗಾಯಕ ಟಾಮ್ ಅರಾಯಾ 2010ರಲ್ಲಿ ಕುತ್ತಿಗೆಯ ಬಳಿ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಮೇಲೆ ತಲೆ ಕೊಡವುವುದನ್ನೇ ಬಿಟ್ಟವನು. ಅಲುಗಾಡದೆ ನಿಂತು ಅಷ್ಟು ಕ್ರೂರವಾದ ಹಾಡುಗಳನ್ನು ಹಾಡುವ ಅವನ ನಿಲುವು ಈಗ ಹಳೆಯ ಕುಣಿತಕ್ಕಿಂತ ಹೆಚ್ಚು ಭಯ ಹುಟ್ಟಿಸುತ್ತದೆ.

ಇಷ್ಟೂ ಹಿರಿಯರ ಮಾತಾಯಿತು. ಕಿರಿಯರ ಪರವಾಗಿ ಪಟ್ಟಿಯಲ್ಲಿ ನಿಲ್ಲಬೇಕಾದದ್ದು ಸ್ಲೀಪ್ ಟೋಕನ್. ಜೂನ್ 13ರಿಂದ 15ರವರೆಗೆ ಇಂಗ್ಲೆಂಡಿನ ಡಾನಿಂಗ್ಟನ್‌ನಲ್ಲಿ ನಡೆದ ಡೌನ್‌ಲೋಡ್ ಉತ್ಸವದಲ್ಲಿ ಮೂರು ರಾತ್ರಿಗಳ ಮುಖ್ಯ ತಂಡಗಳು ಗ್ರೀನ್ ಡೇ, ಸ್ಲೀಪ್ ಟೋಕನ್, ಕಾರ್ನ್. ಡಾನಿಂಗ್ಟನ್ ಎಂದರೆ 1980ರಲ್ಲಿ ಮಾನ್ಸ್ಟರ್ಸ್ ಆಫ್ ರಾಕ್ ಉತ್ಸವ ಶುರುವಾದ ಜಾಗ, ಇಂಗ್ಲೆಂಡಿನ ಮೆಟಲ್ ಅಭಿಮಾನಿಗಳ ಯಾತ್ರಾಸ್ಥಳ. ಅಲ್ಲಿ ಶನಿವಾರ ರಾತ್ರಿಯ ಪಟ್ಟ 2016ರಲ್ಲಿ ಹುಟ್ಟಿದ ತಂಡಕ್ಕೆ ಸಿಕ್ಕಿದ್ದು ಹಲವರಿಗೆ ಹಿಡಿಸಲಿಲ್ಲ. ಮುಖವಾಡ ಹಾಕಿಕೊಂಡು, ಹೆಸರು ಹೇಳದೆ, ಸಂದರ್ಶನ ಕೊಡದೆ, ವೇದಿಕೆಯ ಮೇಲೂ ಮಾತಾಡದೆ ನುಡಿಸುವ ಇವರು ಮೆಟಲ್ ಗಿಟಾರಿನ ಜತೆ ಪಾಪ್, ಆರ್ ಆ್ಯಂಡ್ ಬಿ ಎಲ್ಲವನ್ನೂ ಬೆರೆಸುತ್ತಾರೆ. ಮೇ 9ರಂದು ಬಂದ ಅವರ ‘ಈವನ್ ಇನ್ ಆರ್ಕೇಡಿಯಾ’ ಬ್ರಿಟನ್, ಅಮೆರಿಕ ಎರಡೂ ಕಡೆ ಮಾರಾಟದ ಪಟ್ಟಿಯ ತುದಿ ಮುಟ್ಟಿತ್ತು. ಇದು ಮೆಟಲ್ಲೇ ಅಲ್ಲ ಎಂಬ ಆಕ್ಷೇಪ ಹೊಸದಲ್ಲ. ಮೆಟಾಲಿಕಾ 1991ರಲ್ಲಿ ವೇಗ ಇಳಿಸಿದಾಗಲೂ ಇದೇ ಮಾತು ಬಂದಿತ್ತು. ಗಿಟಾರುಗಳು ಒಮ್ಮೆಲೇ ಬೀಳುವ ಜಾಗಗಳಲ್ಲಿ ಆ ಮೈದಾನ ನಡುಗಿದ ಪರಿ ನೋಡಿದರೆ ವಾದ ಬೆಳೆಸುವ ಅಗತ್ಯವಿಲ್ಲ. ಕೊರತೆಯೆಂದರೆ, ಎಲ್ಲವೂ ಮೊದಲೇ ನಿಗದಿಯಾದ ಆ ಪ್ರದರ್ಶನದಲ್ಲಿ ಅನಿರೀಕ್ಷಿತವಾದದ್ದು ನಡೆಯುವ ಸಂಭವ ಕಡಿಮೆ. ಗಾಯಕನ ದನಿ ಒಡೆಯುವ ಭಯವಿಲ್ಲದ ಕಡೆ ಕೇಳುಗರು ಎತ್ತಿ ಹಿಡಿಯುವ ಸುಖವೂ ಅಷ್ಟಾಗಿ ಇರದು.

ಜರ್ಮನಿಯ ವಾಕೆನ್ ಉತ್ಸವ ಎಂದಿನಂತೆ ಮಳೆ ಕೆಸರಿನಲ್ಲಿ ಜುಲೈ 30ರಿಂದ ಆಗಸ್ಟ್ 2ರವರೆಗೆ ನಡೆಯಿತು. ಸುಮಾರು ಎರಡು ಸಾವಿರ ಜನರಿರುವ ಹಳ್ಳಿಗೆ 85,000 ಅಭಿಮಾನಿಗಳು ಬರುವ ಉತ್ಸವ ಅದು. ಗನ್ಸ್ ಎನ್ ರೋಸಸ್ ಮೊದಲ ಬಾರಿ ಅಲ್ಲಿ ನುಡಿಸಿತು. ಅದಕ್ಕೂ ಮೊದಲು, ಮೇ 17ರಂದು, ಅದೇ ತಂಡ ಮುಂಬಯಿಯ ಮಹಾಲಕ್ಷ್ಮಿ ರೇಸ್‌ಕೋರ್ಸ್‌ಗೆ ಬಂದಿತ್ತು. 2012ರ ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ಬಂದಾಗ ಆ ಹೆಸರಿನಲ್ಲಿದ್ದ ಹಳಬರಲ್ಲಿ ಗಾಯಕ ಆ್ಯಕ್ಸೆಲ್ ರೋಸ್ ಮುಖ್ಯ. ಗಿಟಾರಿನ ಸ್ಲ್ಯಾಶ್, ಬಾಸ್‌ನ ಡಫ್ ಇರಲಿಲ್ಲ. ಮುಂಬಯಿಯಲ್ಲಿ ಮೂವರೂ ಇದ್ದರು. ಇದು ಹಾರ್ಡ್ ರಾಕ್, ಮೆಟಲ್ ಅಲ್ಲ ಎನ್ನುವ ಮಡಿವಂತರು ಟಿಕೆಟ್ ಸಿಕ್ಕಿದ್ದರೆ ಬಿಡುತ್ತಿರಲಿಲ್ಲ.

ಬೆಂಗಳೂರಿನ ಹೆಸರು ಈ ಪಟ್ಟಿಯಲ್ಲಿ ಇಲ್ಲದಿರುವುದು ಹಳಬರಿಗೆ ಚುಚ್ಚುತ್ತದೆ. 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಐರನ್ ಮೇಡನ್ ನುಡಿಸಿದಾಗ ದೇಶದ ಮೂಲೆಮೂಲೆಯಿಂದ ಕಪ್ಪು ಟೀ ಶರ್ಟುಗಳು ರೈಲು ಹತ್ತಿ ಬಂದಿದ್ದವು. 2008ರಲ್ಲಿ ಮೆಗಾಡೆತ್, 2009ರಲ್ಲಿ ಮತ್ತೆ ಮೇಡನ್, 2010ರಲ್ಲಿ ಲ್ಯಾಂಬ್ ಆಫ್ ಗಾಡ್, 2012ರಲ್ಲಿ ಸ್ಲೇಯರ್ ಬಂದವು. 2011ರ ಅಕ್ಟೋಬರ್‌ನಲ್ಲಿ ದೆಹಲಿ ಬಳಿಯ ಕಾನ್ಸರ್ಟ್ ರದ್ದಾಗಿ, ಮೆಟಾಲಿಕಾ ಭಾರತದಲ್ಲಿ ಮೊದಲ ಸಲ ನುಡಿಸಿದ್ದು 30ರಂದು ಬೆಂಗಳೂರಿನಲ್ಲೇ. 2025ರಲ್ಲಿ ಮೆಟಾಲಿಕಾ ನೋಡಬೇಕೆಂದ ಕನ್ನಡಿಗರಿಗೆ ಹತ್ತಿರದ ಜಾಗಗಳಲ್ಲೊಂದು ಅಬುಧಾಬಿ. ಡಿಸೆಂಬರ್ 6ರಂದು ಫಾರ್ಮುಲಾ ಒನ್ ರೇಸಿನ ವಾರಾಂತ್ಯದಲ್ಲಿ ಅಲ್ಲಿ ನುಡಿಸಿದರು. ಕೊಲ್ಲಿಯಲ್ಲಿ ಕೆಲಸದಲ್ಲಿರುವ ನಮ್ಮವರಿಗೆ ಅದು ಅನುಕೂಲ, ಇಲ್ಲಿಂದ ಹೋಗುವವರಿಗೆ ವಿಮಾನದ ಖರ್ಚು ಬೇರೆ.

ಹಾಗೆಂದು ಊರು ಬರಿದಾಗಿಲ್ಲ. 1998ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕ್ರಿಪ್ಟೋಸ್ 2013ರಲ್ಲೇ ವಾಕೆನ್ ವೇದಿಕೆ ಹತ್ತಿದ ತಂಡ. ಇಂದಿಗೂ ಎಂಬತ್ತರ ದಶಕದ ನೇರ ಮೆಟಲನ್ನು ನಾಚಿಕೆಯಿಲ್ಲದೆ ನುಡಿಸುತ್ತದೆ. 2012ರಲ್ಲಿ ಶುರುವಾದ ಬೆಂಗಳೂರು ಓಪನ್ ಏರ್ ಉತ್ಸವ ವಾಕೆನ್ ಜತೆ ನಂಟಿಟ್ಟುಕೊಂಡು ಇಲ್ಲಿನ ಹೊಸ ತಂಡಗಳಿಗೆ ಸ್ಪರ್ಧೆಯ ಮೂಲಕ ಅಲ್ಲಿಗೆ ದಾರಿ ತೋರಿಸಿದೆ. ಐರನ್ ಮೇಡನ್ 2026ರ ಜುಲೈಗೆ ಇಂಗ್ಲೆಂಡಿನ ನೆಬ್‌ವರ್ತ್‌ನಲ್ಲಿ ಕಾನ್ಸರ್ಟ್ ಗೊತ್ತು ಮಾಡಿತ್ತು. ಅಂಥ ಕಡೆಗೆ ಹೋಗಬಲ್ಲವರು ಹೋಗಲಿ. ಆಗದವರು ಊರಿನ ತಂಡಗಳು ಪಬ್ಬಿನಲ್ಲೋ ಕಾಲೇಜಿನ ಅಂಗಳದಲ್ಲೋ ನುಡಿಸುವಾಗ ಹೋಗಿ ನಿಲ್ಲಬೇಕು. ಗುರುತಿನವರನ್ನು ಹಿಡಿದು ಪಾಸ್ ಕೇಳದೆ, ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡು.